ಸಹಾಯ ಬೇಕು: ಪ್ರೋಟೀನ್ ಗೆರೆಗಳ ನಡುವಿನ ಖಾಲಿ ಜಾಗದಲ್ಲೂ ಅಂಟುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಸಂಶೋಧನಾ ವಿದ್ಯಾರ್ಥಿ. ಜೀವಕೋಶಗಳನ್ನು ಸಾಲಾಗಿ ಬೆಳೆಸಲು ಗಾಜಿನ ಮೇಲೆ ಫೈಬ್ರೊನೆಕ್ಟಿನ್ (ಕೋಶಗಳು ಹಿಡಿದುಕೊಳ್ಳುವ ಪ್ರೋಟೀನ್) ಗೆರೆಗಳನ್ನು ಒತ್ತುತ್ತಿದ್ದೇನೆ. ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಸ್ಟ್ಯಾಂಪ್, ಮೂಲ ದ್ರವ ಮತ್ತು ಗಟ್ಟಿಮಾಡುವ ದ್ರವದ 10:1 ಮಿಶ್ರಣ. ಗೆರೆಯ ಅಗಲ 10 ಮೈಕ್ರೋಮೀಟರ್, ನಡುವಿನ ಜಾಗ 100, ಸ್ಟ್ಯಾಂಪಿನ ಉಬ್ಬುಗೆರೆಗಳ ಎತ್ತರ ಬರೀ 5.

ಗೆರೆಗಳು ಚೆನ್ನಾಗಿಯೇ ಬೀಳುತ್ತಿವೆ. ಆದರೆ ಫ್ಲೋರೊಸೆಂಟ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಖಾಲಿ ಜಾಗದ ನಟ್ಟನಡುವೆಯೂ ಹೊಳಪು! ಗೆರೆಯ ಪಕ್ಕದಲ್ಲಿ ಮಾತ್ರ ಸಣ್ಣ ಕಪ್ಪು ಪಟ್ಟಿ ಉಳಿಯುತ್ತದೆ. ಆಮೇಲೆ ಖಾಲಿ ಜಾಗಕ್ಕೆ ಕೋಶ ಅಂಟದಂತೆ ಮುಚ್ಚುವ ಬಿಎಸ್‌ಎ ಪ್ರೋಟೀನ್ ಹಾಕಿದರೂ ಪ್ರಯೋಜನವಿಲ್ಲ. ಅಲ್ಲಿ ಆಗಲೇ ಫೈಬ್ರೊನೆಕ್ಟಿನ್ ಕೂತಿರುತ್ತದೆ ಅಲ್ವಾ, ಕೋಶಗಳು ಅಲ್ಲೂ ಹತ್ತಿಕೊಳ್ಳುತ್ತವೆ.

ಸ್ಟ್ಯಾಂಪ್ ಮೇಲಿನ ತೂಕ ತೆಗೆದು ನೋಡಿದೆ. ಸ್ಟ್ಯಾಂಪಿಗೆ ನೈಟ್ರೋಜನ್ ಅನಿಲ ಹಾಯಿಸಿ ಜಾಸ್ತಿ ಹೊತ್ತು ಒಣಗಿಸಿದೆ. ಹೊಳಪು ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಗೆಳೆಯರು ಮಳೆಗಾಲದ ತೇವ ಅನ್ನುತ್ತಾರೆ. (ನಮ್ಮೂರಲ್ಲಿ ಜೂನ್ ಬಂತೆಂದರೆ ಎಲ್ಲದಕ್ಕೂ ಅದೇ ಕಾರಣ.) ತೇವವಾಗಿದ್ದರೆ ಗೆರೆಯ ಅಂಚೇ ಹರಡಬೇಕಿತ್ತು. ಸ್ಟ್ಯಾಂಪಿನ ಉಬ್ಬುಗಳ ನಡುವಿನ ಭಾಗ ಜೋತುಬಿದ್ದು ಗಾಜಿಗೆ ತಾಗುತ್ತಿದೆ ಅಂತ ನನ್ನ ಅನುಮಾನ.

ಉಬ್ಬಿನ ಎತ್ತರ ಜಾಸ್ತಿ ಬರುವಂಥ ಹೊಸ ಅಚ್ಚು (ಸ್ಟ್ಯಾಂಪ್ ಎರೆಯುವ ಮೂಲ) ಬೇಕೆಂದರೆ ಕ್ಲೀನ್‌ರೂಮ್ (ಧೂಳಿಲ್ಲದ ಪ್ರಯೋಗಾಲಯ) ಇರುವ ಕಡೆ ಮಾಡಿಸಬೇಕು, ಸುಮ್ನೆ ಆಗುವ ಕೆಲಸವಲ್ಲ. ಈಗಿನ ಅಚ್ಚಿನಲ್ಲೇ 5:1 ಪಿಡಿಎಂಎಸ್ ಎರೆದು ಗಟ್ಟಿ ಸ್ಟ್ಯಾಂಪ್ ಮಾಡಿದರೆ ಅಥವಾ ಸ್ಟ್ಯಾಂಪಿನ ಬೆನ್ನಿಗೆ ಗಾಜು ಅಂಟಿಸಿದರೆ ಈ ಜೋತುಬೀಳುವುದು ನಿಲ್ಲುತ್ತದೆಯೇ? ಇಲ್ಲಾ, 100ಕ್ಕೆ 5ರ ಅಳತೆಯಲ್ಲಿ ಹೊಸ ಅಚ್ಚು ಬಿಟ್ಟು ಬೇರೆ ದಾರಿಯೇ ಇಲ್ಲವೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.