ತೇಲುವ ಐಸ್ ಕರಗಿದರೆ ಸಮುದ್ರ ಏರಲ್ಲ ಅಂದ್ರೆ, ಇಷ್ಟು ಗಾಬರಿ ಯಾಕೆ?

ಪ್ರಶ್ನೆ

ಮಗಳು ಏಳನೇ ಕ್ಲಾಸು. ಮೊನ್ನೆ ಒಂದು ಗ್ಲಾಸಿಗೆ ನಾಲ್ಕು ಐಸ್ ತುಂಡು ಹಾಕಿ, ಅಂಚಿನವರೆಗೂ ನೀರು ತುಂಬಿ ಮೇಜಿನ ಮೇಲಿಟ್ಟಳು. ಐಸ್ ಪೂರ್ತಿ ಕರಗಿತು. ಒಂದು ಹನಿಯೂ ಚೆಲ್ಲಲಿಲ್ಲ. ‘ಮತ್ತೆ ಉತ್ತರ ಧ್ರುವದ ಐಸ್ ಕರಗಿದ್ರೆ ಸಮುದ್ರ ಏರುತ್ತೆ ಅಂತ ಯಾಕೆ ಹೇಳ್ತಾರೆ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಏನೋ ಹೇಳಿ ಸಾಗಹಾಕಲು ಮನಸ್ಸಾಗಲಿಲ್ಲ. ತೇಲುವ ಐಸ್ ಕರಗಿದರೆ ನಿಜಕ್ಕೂ ನಷ್ಟ ಏನು? ಜೊತೆಗೆ ಪ್ಲಾಸ್ಟಿಕ್, ಗೊಬ್ಬರ, ಹೊಗೆ ಇವೆಲ್ಲ ಬೇರೆಯೇ ಸಮಸ್ಯೆನಾ, ಇಲ್ಲ ಇದಕ್ಕೂ ಅದಕ್ಕೂ ನಂಟಿದೆಯಾ?

ಉತ್ತರ 1

ನಿಮ್ಮ ಮಗಳು ಕಂಡಿದ್ದು ಸರಿ. ಉತ್ತರ ಧ್ರುವದ ಸುತ್ತ ಇರುವುದು ಬಹುಪಾಲು ಸಮುದ್ರದ ನೀರೇ ಹೆಪ್ಪುಗಟ್ಟಿದ ಪದರ. ಅದು ಕರಗಿದರೆ ಮಟ್ಟ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಈಗ ಇನ್ನೊಂದು ಗ್ಲಾಸಿನಲ್ಲಿ ಕಲ್ಲಿಡಿ, ಕಲ್ಲಿನ ತಲೆ ಅಂಚಿಗಿಂತ ಮೇಲಿರಲಿ, ನೀರು ತುಂಬಿ, ಐಸನ್ನು ಕಲ್ಲಿನ ಮೇಲೆ ಕೂರಿಸಿ. ಕರಗಿದಾಗ ಚೆಲ್ಲುತ್ತದೆ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಆ ಕಲ್ಲಿದ್ದ ಹಾಗೆ. ಗ್ರೀನ್‌ಲ್ಯಾಂಡಿನ ಐಸ್ ಪೂರ್ತಿ ಕರಗಿದರೆ ಸಮುದ್ರ ಸುಮಾರು 7 ಮೀಟರ್ ಏರುತ್ತದೆ, ಅಂಟಾರ್ಕ್ಟಿಕಾದ್ದು ಕರಗಿದರೆ 58 ಮೀಟರ್ ಹತ್ತಿರ. ಅಷ್ಟೂ ಕರಗಲು ನೂರಾರು, ಸಾವಿರಾರು ವರ್ಷ ಬೇಕು. ಆದರೆ ಶುರುವಂತೂ ಆಗಿದೆ. 1901ರಿಂದ 2018ರೊಳಗೆ ಸಮುದ್ರ ಸುಮಾರು 20 ಸೆಂಟಿಮೀಟರ್ ಏರಿದೆ. ಅದರಲ್ಲಿ ದೊಡ್ಡ ಪಾಲು ಬಿಸಿಗೆ ಹಿಗ್ಗಿದ ನೀರಿನದ್ದು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ.

ಇನ್ನು ತೇಲುವ ಐಸ್. ಅದು ಕನ್ನಡಿ. ಹಿಮ ಹೊದ್ದ ಐಸ್ ತನ್ನ ಮೇಲೆ ಬಿದ್ದ ಬಿಸಿಲಲ್ಲಿ 80 ಪರ್ಸೆಂಟ್‌ಗೂ ಜಾಸ್ತಿ ವಾಪಸ್ ಕಳಿಸುತ್ತದೆ. ಐಸ್ ಹೋಗಿ ಕಪ್ಪು ನೀರು ಬಯಲಾದರೆ, ಅದು 90 ಪರ್ಸೆಂಟ್‌ಗೂ ಜಾಸ್ತಿ ಬಿಸಿಲನ್ನು ಕುಡಿದುಬಿಡುತ್ತದೆ. ನೀರು ಕಾಯುತ್ತದೆ, ಪಕ್ಕದ ಐಸ್ ಕರಗುತ್ತದೆ, ಇನ್ನಷ್ಟು ನೀರು ಬಯಲಾಗುತ್ತದೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಐಸ್ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. 1979ರಿಂದ ಉಪಗ್ರಹಗಳು ಇಟ್ಟ ಲೆಕ್ಕದಲ್ಲಿ ಅಷ್ಟು ಕಡಿಮೆ ಯಾವತ್ತೂ ಆಗಿರಲಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮಟ್ಟದ ಲೆಕ್ಕದಲ್ಲೇ ನಿಂತುಬಿಟ್ಟರೆ ಆ ಐಸನ್ನೇ ನಂಬಿಕೊಂಡ ಜೀವಗಳನ್ನು ಮರೆತ ಹಾಗಾಗುತ್ತದೆ. ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್ ಮರಿ ಮಾಡುವುದು ದಡಕ್ಕೆ ಅಂಟಿಕೊಂಡ ಸಮುದ್ರದ ಐಸಿನ ಮೇಲೆ. ಗಂಡು ಹಕ್ಕಿ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆಯಲ್ಲಿ ಮುಚ್ಚಿ, ಎರಡು ತಿಂಗಳು ಉಪವಾಸ ನಿಲ್ಲುತ್ತದೆ, ಅದೂ ಕಡು ಚಳಿಗಾಲದಲ್ಲಿ. ಹುಟ್ಟಿದ ಮರಿಗೆ ಮೈತುಂಬ ಬೂದು ಬಣ್ಣದ ತುಪ್ಪುಳ. ಅದು ಚಳಿ ತಡೆಯುತ್ತದೆ, ನೀರು ತಡೆಯಲ್ಲ. ನೀರು ತಡೆಯುವ ಗರಿ ಬರೋದು ಡಿಸೆಂಬರ್ ಹೊತ್ತಿಗೆ. 2022ರಲ್ಲಿ ಅಲ್ಲಿನ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಐಸ್ ಅದಕ್ಕೂ ಮೊದಲೇ ಒಡೆಯಿತು. ಪೆಂಗ್ವಿನ್ ಗುಂಪುಗಳನ್ನು ಉಪಗ್ರಹದ ಚಿತ್ರದಲ್ಲಿ ಅವುಗಳ ಹಿಕ್ಕೆಯ ಕಂದು ಕಲೆಯಿಂದ ಗುರುತು ಹಿಡಿಯುತ್ತಾರೆ. ಅಲ್ಲಿನ ಐದು ಗುಂಪುಗಳಲ್ಲಿ ನಾಲ್ಕರ ಜಾಗದಲ್ಲಿ ಕಲೆಯೂ ಇರಲಿಲ್ಲ, ಐಸೂ ಇರಲಿಲ್ಲ. ಆ ನಾಲ್ಕರಲ್ಲಿ ಒಂದು ಮರಿಯೂ ಉಳಿದಿರಲಿಕ್ಕಿಲ್ಲ. ಇದನ್ನು ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ.

ಉತ್ತರ 3

ನಂಟಿದೆಯಾ ಅಂತ ಕೇಳಿದ್ರಲ್ಲ, ಖಂಡಿತ ಇದೆ. ಹೊಗೆಯನ್ನೇ ತಗೊಳ್ಳಿ. ಅದರ ಮಸಿ ಗಾಳಿಯಲ್ಲಿ ತೇಲಿ ಹೋಗಿ ಹಿಮದ ಮೇಲೆ ಕೂರುತ್ತದೆ, ಬಿಳಿ ಕನ್ನಡಿ ಮಂಕಾಗಿ ಬೇಗ ಕರಗುತ್ತದೆ. ಅದೇ ಹೊಗೆಯ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಸಮುದ್ರಕ್ಕೇ ಇಳಿದು ಆಮ್ಲವಾಗುತ್ತದೆ. ಆಮ್ಲದ ಗುಣ ಅಳೆಯೋದು ಪಿಎಚ್ ಅನ್ನುವ ಅಳತೆಯಲ್ಲಿ, ಅದು ಇಳಿದಷ್ಟೂ ಆಮ್ಲ ಜಾಸ್ತಿ; ಸಮುದ್ರದ ಪಿಎಚ್ ಸುಮಾರು 8.2 ಇದ್ದದ್ದು 8.1ಕ್ಕೆ ಬಂದಿದೆ. ಸಣ್ಣದು ಅನ್ನಿಸುತ್ತೆ ಅಲ್ವಾ? ಆದರೆ ಆ ಅಳತೆಯಲ್ಲಿ ಅಷ್ಟು ಇಳಿದರೆ ಆಮ್ಲದ ಗುಣ ಸುಮಾರು 30 ಪರ್ಸೆಂಟ್ ಏರಿದ ಹಾಗೆ. ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ, ಹವಳಕ್ಕೆ ಇದರಿಂದ ಬಹಳ ಕಷ್ಟ.

ಗೊಬ್ಬರದ್ದು ಇನ್ನೊಂದು ಕಥೆ. ಸೋಡಾ ಬಾಟಲಿ ಬಿಸಿಲಲ್ಲಿಟ್ಟು ತೆಗೆದರೆ ಗ್ಯಾಸೆಲ್ಲ ಬುಸ್ ಅಂತ ಹೋಗುತ್ತಲ್ಲ, ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕೂಡ ಹಾಗೇ ನಿಲ್ಲಲ್ಲ. ಅದರ ಮೇಲೆ ನದಿಗಳು ಹೊತ್ತು ತಂದ ಗೊಬ್ಬರ ತಿಂದು ಪಾಚಿ ಬೆಳೆಯುತ್ತದೆ, ಸತ್ತು ಕೊಳೆಯುತ್ತದೆ, ಕೊಳೆಯುವಾಗ ಉಳಿದ ಆಕ್ಸಿಜನ್ನೂ ಖಾಲಿ. ಅಮೆರಿಕದ ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಕಡೆ ಪ್ರತಿ ಬೇಸಿಗೆಯಲ್ಲೂ ಹೀಗೆ ಉಸಿರುಕಟ್ಟಿದ ನೀರಿನ ಪಟ್ಟಿ ಬೀಳುತ್ತದೆ. ಮೀನು ಈಜಿ ತಪ್ಪಿಸಿಕೊಳ್ಳಬಹುದು, ಚಿಪ್ಪಿನ ಹುಳ ಎಲ್ಲಿಗೆ ಹೋಗಬೇಕು? ಪ್ಲಾಸ್ಟಿಕ್‌ನ ಪುಡಿ ಅಂತೂ ಆರ್ಕ್ಟಿಕ್ ಐಸಿನ ಒಳಗೇ ಸಿಕ್ಕಿದೆ. ಐಸ್ ಕರಗಿದರೆ ಅದೂ ನೀರಿಗೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಕಲ್ಲಿಟ್ಟು ನೋಡಿದೆವು, ಮೇಜೆಲ್ಲ ಒದ್ದೆ. ಪೆಂಗ್ವಿನ್ ಮರಿಗಳ ವಿಷಯ ಓದಿ ಹೇಳುವಾಗ ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಇನ್ನೊಂದು ಕೇಳಿದಳು: ಕಲ್ಲಿನ ಮೇಲಿನ ಐಸಿಗೂ ತೇಲೋ ಐಸಿಗೂ ಏನಾದರೂ ಸಂಬಂಧ ಇದೆಯಾ?

ಉತ್ತರ 1

ಒಳ್ಳೇ ಪ್ರಶ್ನೆ, ಅವಳಿಗೆ ಹೇಳಿ. ಅಂಟಾರ್ಕ್ಟಿಕಾದ ಅಂಚಿನಲ್ಲಿ ನೆಲದಿಂದ ಜಾರಿ ಬಂದ ದಪ್ಪ ಐಸ್ ಸಮುದ್ರದ ಮೇಲೆ ಚಾಚಿಕೊಂಡು ತೇಲುತ್ತಿರುತ್ತದೆ. ಇಳಿಜಾರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕೊಟ್ಟ ಕಲ್ಲಿನ ಹಾಗೆ ಅದು. ಲಾರ್ಸೆನ್ ಬಿ ಅನ್ನುವ ಅಂಥದೊಂದು ಹಾಸು 2002ರಲ್ಲಿ, ಸುಮಾರು 3,250 ಚದರ ಕಿಲೋಮೀಟರಿನಷ್ಟು, ಕೆಲವೇ ವಾರಗಳಲ್ಲಿ ಚೂರುಚೂರಾಯಿತು. ತೇಲುತ್ತಿದ್ದದ್ದೇ, ಆದ್ದರಿಂದ ಸಮುದ್ರ ಅದರಿಂದ ಏರಲಿಲ್ಲ. ಆದರೆ ಅದರ ಹಿಂದೆ ನೆಲದ ಮೇಲಿದ್ದ ಹಿಮನದಿಗಳು ಹಲವು ಪಟ್ಟು ಜೋರಾಗಿ ಸಮುದ್ರಕ್ಕೆ ಜಾರತೊಡಗಿದವು.