ಅಪ್‌ಡೇಟ್: ಸಿಕ್ಲಿಡ್ ಟ್ಯಾಂಕ್‌ಗೆ ಕೊನೆಗೂ ಮರಳು ಹಾಕ್ದೆ

ಮಲಾವಿ ಎಂಬೂನಾ ಮೀನುಗಳಿಗೆ (ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳು, ಇವಕ್ಕೆ ಗಡಸು, ಕ್ಷಾರೀಯ ನೀರೇ ಬೇಕು) ಕಡಿಮೆ ಖರ್ಚಲ್ಲಿ ತಳಕ್ಕೆ ಏನ್ ಹಾಕ್ಲಿ, ಅರಗೊನೈಟ್ (ಸುಣ್ಣದಂಶ ಇರೋ ಮರಳು) ತುಂಬಾ ದುಬಾರಿ ಅಂತ ಕೇಳಿದ್ನಲ್ಲ, ಅದರ ಮುಂದಿನ ಕಥೆ ಇದು. ಕೊನೆಗೆ ಈಜುಕೊಳದ ಫಿಲ್ಟರ್‌ಗೆ ಹಾಕೋ ಮರಳೇ ತಗೊಂಡೆ. ಹಾಕೋಕೆ ಮುಂಚೆ ಒಂದು ಚಮಚ ಮರಳಿಗೆ ವಿನೆಗರ್ ಬಿಟ್ಟು ನೋಡ್ದೆ, ಒಂದು ಗುಳ್ಳೆನೂ ಬರ್ಲಿಲ್ಲ, ಅಂದ್ರೆ ಇದ್ರಲ್ಲಿ ಸುಣ್ಣದಂಶ ಇಲ್ಲ, ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಏರಿಸಲ್ಲ. ನಮ್ಮನೆ ನೀರು ಮೊದಲೇ ಗಡಸು, ಪಿಎಚ್ 7.8 ಇದೆ, ಹಾಗಾಗಿ ತಲೆ ಕೆಡಿಸ್ಕೊಳ್ಳಲಿಲ್ಲ, ಆದ್ರೂ ಇರ್ಲಿ ಅಂತ ಸುಣ್ಣದಂಶ ಇರೋ, ಪುಡಿ ಮಾಡಿದ ಹವಳ ಒಂದು ಹಿಡಿ ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಒಳಗೆ ಇಟ್ಟಿದೀನಿ. ಇಡೀ ತಳಕ್ಕೆ ಹವಳ ಸುರಿಯೋ ಖರ್ಚು ಉಳೀತು.

ತೊಳೆಯೋದು ಮಾತ್ರ ಸಾಕಾಗೋಯ್ತು ಕಣ್ರೀ! ಸ್ವಲ್ಪ ಸ್ವಲ್ಪನೇ ಬಕೆಟ್‌ಗೆ ಹಾಕಿ, ಪೈಪ್ ಬಿಟ್ಟು ಕೈಯಾಡಿಸಿ, ಮೇಲಿನ ಕೆಸರು ನೀರು ಚೆಲ್ಲಿ, ಮತ್ತೆ ಅದೇ, ಏಳೆಂಟು ಸಲ ಆದ್ಮೇಲೆ ನೀರು ತಿಳಿಯಾಯ್ತು. ಅಷ್ಟಾದ್ರೂ ಟ್ಯಾಂಕ್ ಎರಡು ದಿನ ಮಜ್ಜಿಗೆ ಥರ ಇತ್ತು.

ಕಲ್ಲುಗಳನ್ನ ಮೊದಲು ಇಟ್ಟು ಆಮೇಲೆ ಮರಳು ಹಾಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಈ ಮೀನುಗಳು ಅಗೆಯೋದು ನೋಡಿದ್ರೆ ಮರಳಿನ ಮೇಲೆ ಕಲ್ಲು ಜೋಡಿಸಿದ್ರೆ ಕುಸಿದು ಗಾಜು ಒಡೀತಿತ್ತು. ಹಳದಿ ಗಂಡೊಂದು ಬಾಯ್ತುಂಬ ಮರಳು ತಗೊಂಡೋಗಿ ಮೂಲೇಲಿ ಉಗಿದು ಉಗಿದು ಗುಡ್ಡೆ ಮಾಡಿದಾನೆ, ನಾನು ಸಮ ಮಾಡಿದ್ರೆ ಬೆಳಗಾಗೋಷ್ಟರಲ್ಲಿ ಮತ್ತೆ ಅಲ್ಲೇ ಗುಡ್ಡೆ. ಈಗ ಬಿಟ್ಬಿಟ್ಟಿದೀನಿ.