ಮಚು ಪಿಚುವಿಗೆ ನಡೆದು ಹೋಗಲು ಅಂಜನಾದ್ರಿಯ ಅಭ್ಯಾಸ ಸಾಕೇ?

ಪ್ರಶ್ನೆ (ಗಂಗಾವತಿ): ಪೆರುವಿನಲ್ಲಿ ಇಂಕಾ ಜನರು ಬೆಟ್ಟದ ಮೇಲೆ ಕಟ್ಟಿದ ಹಳೆಯ ನಗರ ಮಚು ಪಿಚುವಿಗೆ, ಅವರದೇ ಕಾಲದ ಕಾಲ್ದಾರಿಯಾದ ಇಂಕಾ ದಾರಿಯಲ್ಲಿ, ಬೆನ್ನಿಗೆ ಚೀಲ ಹೊತ್ತು ಒಬ್ಬನೇ ನಡೆದು ಹೋಗಬೇಕೆಂದಿದ್ದೇನೆ. ವಾರವಾರವೂ ಅಂಜನಾದ್ರಿ ಹತ್ತುವ ರೂಢಿಯಿದೆ. ರಜೆ ಸಿಗುವುದು ಫೆಬ್ರವರಿಯಲ್ಲಿ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ (ಬಳ್ಳಾರಿ): ಮೊದಲು ಫೆಬ್ರವರಿಯನ್ನು ಕೈಬಿಡಿ, ಮಳೆಯ ಆ ತಿಂಗಳಿಡೀ ದುರಸ್ತಿಗಾಗಿ ದಾರಿಯನ್ನು ಮುಚ್ಚಿರುತ್ತಾರೆ. ನಿಮ್ಮ ಅಭ್ಯಾಸ ಕಾಲಿಗೆ ಸಾಕಾದರೂ ಉಸಿರಿಗೆ ಸಾಲದು, ಏಕೆಂದರೆ ಮಚು ಪಿಚು ಸುಮಾರು 2,430 ಮೀಟರ್ ಎತ್ತರದಲ್ಲಿದ್ದರೂ ನಡುವೆ ದಾಟಬೇಕಾದ ಘಟ್ಟ 4,200 ಮೀಟರಿಗೂ ಮಿಗಿಲಾಗಿದೆ. ಆದ್ದರಿಂದ 3,400 ಮೀಟರ್ ಎತ್ತರದ ಕುಸ್ಕೊ ನಗರದಲ್ಲಿ ಎರಡು ಮೂರು ದಿನ ತಂಗಿ, ದೇಹವನ್ನು ಒಗ್ಗಿಸಿಕೊಂಡೇ ಹೊರಡಿ.

ಉತ್ತರ (ರಾಯಚೂರು): ಒಬ್ಬರೇ ಹೋಗುವುದಕ್ಕೆ ಅಲ್ಲಿ ಅನುಮತಿಯೇ ಇಲ್ಲ, ಪರವಾನಗಿ ಪಡೆದ ಗೈಡ್ ಕಡ್ಡಾಯ, ಪರ್ಮಿಟ್‌ಗಳೂ ತಿಂಗಳುಗಳ ಮೊದಲೇ ಮುಗಿದುಹೋಗುತ್ತವೆ. ಒಂಟಿ ನಡಿಗೆಯೇ ಬೇಕೆಂದಾದರೆ ಅಲ್ಲಿನ ಇನ್ನೊಂದು ಇಂಕಾ ನಗರವಾದ ಚೊಕೆಕಿರಾವ್‌ನ ಅವಶೇಷಗಳಿಗೆ ಹೋಗಬಹುದು. ದಾರಿಯಲ್ಲಿ ಅಪುರಿಮಾಕ್ ನದಿಯ ಕಮರಿಯ ತಳಕ್ಕಿಳಿದು ಮತ್ತೆ ಹತ್ತುವುದು ಮಂಡಿಗೆ ಕಠಿಣವೇ ಸರಿ, ಆದರೆ ಜನಸಂದಣಿ ಬಹಳ ಕಡಿಮೆ.